ಏಳು ದಿನದ ಸರಾಸರಿ



ಜ್ವರ ಬಂದು ಹತ್ತು ಹದಿನೈದು ದಿನ ಮನೆಯಲ್ಲಿ ಮಲಗಿ, ಮತ್ತೆ ಶಾಲೆಗೆ ಬಂದು ಕುಳಿತ ಮೊದಲ ದಿನ ಹೇಗಿರುತ್ತದೆ? ನಿಮ್ಮಲ್ಲಿ ಕೆಲವರಿಗಾದರೂ ಇದು ಚೆನ್ನಾಗಿ ಗೊತ್ತಿರುತ್ತದೆ. ಕಪ್ಪುಹಲಗೆಯ ಮೇಲೆ ಹೊಸ ಪಾಠ ನಡೆಯುತ್ತಿರುತ್ತದೆ. ಪಕ್ಕದವರ ನೋಟ್ ಪುಸ್ತಕದಲ್ಲಿ ಹಾಳೆಗಳು ತುಂಬಿರುತ್ತವೆ, ನಿಮ್ಮದು ಖಾಲಿ ಇರುತ್ತದೆ. ಮಧ್ಯಾಹ್ನದ ಊಟದ ಗಂಟೆ ಹೊಡೆಯುವಷ್ಟರಲ್ಲಿ ಕಣ್ಣು ಎಳೆಯತೊಡಗುತ್ತದೆ. ಅಷ್ಟರಲ್ಲಿ ಮೇಷ್ಟ್ರು "ಮುಂದಿನ ವಾರ ಪರೀಕ್ಷೆ" ಎಂದರಂತೂ ಬಿಟ್ಟ ಜ್ವರ ಮತ್ತೆ ಬಂದಂತಾಗುತ್ತದೆ!

ಜ್ವರ ಬಿಟ್ಟಿದೆ, ಸುಸ್ತು ಬಿಟ್ಟಿಲ್ಲ. ಮಾತ್ರೆ ಮುಗಿದಿದೆ, ಶಕ್ತಿ ಬಂದಿಲ್ಲ. ಕಾಯಿಲೆಗೂ ಪೂರ್ತಿ ಆರೋಗ್ಯಕ್ಕೂ ನಡುವೆ ಬರುವ ಈ ದಿನಗಳನ್ನು ಚೇತರಿಕೆಯ ದಿನಗಳು ಎನ್ನುತ್ತಾರೆ. ಕಾಯಿಲೆಗಳ ಬಗ್ಗೆ ನಾವು ಬಹಳ ಮಾತನಾಡುತ್ತೇವೆ. ಚೇತರಿಕೆಯ ಬಗ್ಗೆ ಮಾತನಾಡುವುದು ಕಡಿಮೆ.

ಈ ದಿನಗಳಲ್ಲಿ ಓದುವುದು ಹೇಗೆ, ಪರೀಕ್ಷೆ ಎದುರಿಸುವುದು ಹೇಗೆ ಎಂಬುದನ್ನು ನನಗೆ ತೋರಿಸಿಕೊಟ್ಟವಳು ಪಾವಗಡ ತಾಲ್ಲೂಕಿನ ಒಬ್ಬ ವಿದ್ಯಾರ್ಥಿನಿ. ಅವಳ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅವಳು ಮಾಡಿದ ಕೆಲಸವನ್ನು ಮಾತ್ರ ಹೇಳುತ್ತೇನೆ. ಅದು ಒಂದು ಪುಟ್ಟ ವಿಜ್ಞಾನ ಪ್ರಯೋಗ. ಅದಕ್ಕೆ ಬೇಕಾದದ್ದು ಒಂದು ಪೆನ್ನು, ಒಂದು ಗಡಿಯಾರ, ಒಂದು ಗ್ರಾಫ್ ಹಾಳೆ, ಅಷ್ಟೇ.

ಮೈ ಬಾಗಿಸುವ ಜ್ವರ

ಅದು 2006ನೇ ಇಸವಿ. ನೀವಾಗ ಹುಟ್ಟಿರಲಿಲ್ಲ. ನಾನು ಆಗಷ್ಟೇ ಕೆಲಸಕ್ಕೆ ಸೇರಿದ್ದ ಪ್ರೌಢಶಾಲಾ ವಿಜ್ಞಾನ ಶಿಕ್ಷಕ. ಆ ವರ್ಷ ನಮ್ಮ ರಾಜ್ಯದಲ್ಲಿ ಚಿಕುನ್‌ಗುನ್ಯ ಎಂಬ ಜ್ವರ ಊರಿಂದೂರಿಗೆ ಹರಡಿತು. ಮನೆಗೆ ಹೋಗಿ ನಿಮ್ಮ ಅಜ್ಜ ಅಜ್ಜಿಯನ್ನು ಕೇಳಿ ನೋಡಿ. "ಅಯ್ಯೋ, ಆ ಜ್ವರವಾ? ಮೂರು ತಿಂಗಳು ಮುದ್ದೆ ಮುರಿಯೋಕೂ ಆಗ್ತಿರಲಿಲ್ಲ" ಎಂದು ಅವರು ಹೇಳಿದರೆ ಆಶ್ಚರ್ಯವಿಲ್ಲ.

ಮೂರು ದಶಕಗಳಿಂದ ಭಾರತದಲ್ಲಿ ಹೆಚ್ಚಾಗಿ ಕಾಣಿಸಿಕೊಳ್ಳದಿದ್ದ ಈ ಕಾಯಿಲೆ 2005ರ ಕೊನೆಯ ಹೊತ್ತಿಗೆ ಮತ್ತೆ ಕಾಣಿಸಿಕೊಂಡಿತು. 2006ರಲ್ಲಿ ದೇಶದಲ್ಲೇ ಅತಿ ಹೆಚ್ಚು ಶಂಕಿತ ರೋಗಿಗಳು ವರದಿಯಾದದ್ದು ಕರ್ನಾಟಕದಲ್ಲಿ. ಆ ಸಂಖ್ಯೆ 7 ಲಕ್ಷಕ್ಕೂ ಹೆಚ್ಚು. ಆಸ್ಪತ್ರೆಗೆ ಹೋಗದೆ ಮನೆಯಲ್ಲೇ ನರಳಿದವರು ಈ ಲೆಕ್ಕದಲ್ಲಿ ಸೇರಿಲ್ಲ.

ಚಿಕುನ್‌ಗುನ್ಯ ಎಂಬುದು ಆಫ್ರಿಕಾದ ಮಕೊಂಡೆ ಭಾಷೆಯ ಪದ. 'ಬಾಗಿಸುವುದು' ಎಂಬುದು ಅದರ ಅರ್ಥ. ಕೀಲುನೋವಿನಿಂದ ರೋಗಿ ಬೆನ್ನು ಬಗ್ಗಿಸಿ ನಡೆಯುವುದರಿಂದ ಆ ಹೆಸರು. ಇಂದಿನ ಟಾಂಜಾನಿಯಾ ದೇಶದ ದಕ್ಷಿಣ ಭಾಗದಲ್ಲಿ 1952ರಲ್ಲಿ ಈ ಜ್ವರ ಹರಡಿದಾಗ ವಿಜ್ಞಾನಿಗಳು ಇದನ್ನು ಮೊದಲು ಗುರುತಿಸಿದರು. ಇದಕ್ಕೆ ಕಾರಣ ಒಂದು ವೈರಸ್. ಅದನ್ನು ಒಬ್ಬರಿಂದ ಒಬ್ಬರಿಗೆ ಸಾಗಿಸುವುದು ಈಡಿಸ್ ಜಾತಿಯ ಹೆಣ್ಣು ಸೊಳ್ಳೆ. ಕಾಲಿನ ಮೇಲೆ ಬಿಳಿ ಪಟ್ಟೆಗಳಿರುವ ಈ ಸೊಳ್ಳೆ ಹಗಲಿನಲ್ಲಿ ಕಚ್ಚುತ್ತದೆ. ಡೆಂಗಿ ಹರಡುವುದೂ ಇದೇ ಸೊಳ್ಳೆ.

ಇಲ್ಲೊಂದು ಪ್ರಶ್ನೆ ಏಳಬೇಕು. ಪಾವಗಡ, ಸಿರಾ, ಮಧುಗಿರಿ, ಕೊರಟಗೆರೆ ಎಂದರೆ ಬಯಲುಸೀಮೆ. ಮಳೆ ಕಡಿಮೆ, ಕೆರೆಗಳು ವರ್ಷಗಟ್ಟಲೆ ಒಣಗಿ ನಿಂತದ್ದೂ ಉಂಟು. ಸೊಳ್ಳೆಗೆ ನೀರು ಬೇಕು. ಹಾಗಿದ್ದ ಮೇಲೆ ಇಂಥ ಒಣ ಸೀಮೆಗೆ ಸೊಳ್ಳೆ ಜ್ವರ ಬಂದದ್ದು ಹೇಗೆ?

ಉತ್ತರ ನಮ್ಮ ಮನೆಗಳಲ್ಲೇ ಇದೆ. ನಲ್ಲಿಯಲ್ಲಿ ನೀರು ದಿನವೂ ಬರುವುದಿಲ್ಲ. ಕರೆಂಟು ಇದ್ದಾಗ ಕೊಳವೆಬಾವಿಯ ಮೋಟಾರು ಓಡುತ್ತದೆ, ಆಗ ಎಲ್ಲರೂ ಓಡೋಡಿ ಹಿಡಿದಿಡುತ್ತೇವೆ. ಡ್ರಮ್ಮು, ಸಿಮೆಂಟ್ ತೊಟ್ಟಿ, ಹಂಡೆ, ಬಿಂದಿಗೆ, ಬಕೆಟ್ಟು, ಎಲ್ಲವೂ ತುಂಬಿರಬೇಕು. ಈಡಿಸ್ ಸೊಳ್ಳೆಗೆ ಚರಂಡಿಯ ಕೊಳಕು ನೀರಿಗಿಂತ ಇಂಥ ತಿಳಿನೀರೇ ಇಷ್ಟ. ನೀರು ಕಡಿಮೆ ಇರುವುದರಿಂದಲೇ ನಾವು ನೀರು ಕೂಡಿಡುತ್ತೇವೆ. ಕೂಡಿಟ್ಟ ನೀರಿನಲ್ಲಿ ಸೊಳ್ಳೆ ಮೊಟ್ಟೆ ಇಡುತ್ತದೆ. ಬರದ ಊರಿಗೂ ಸೊಳ್ಳೆ ಜ್ವರ ಬರುವ ದಾರಿ ಇದು.

ಬೆಂಕಿ ಆರಿದ ಮೇಲಿನ ಮನೆ

ಈಗ ಆ ವಿದ್ಯಾರ್ಥಿನಿಯ ವಿಷಯಕ್ಕೆ ಬರೋಣ. ಅವಳು ಹತ್ತನೆಯ ತರಗತಿಯಲ್ಲಿದ್ದಳು. ಆ ವರ್ಷದ ಜುಲೈನಲ್ಲಿ ಮೊದಲು ಅವಳ ತಾಯಿಗೆ, ನಂತರ ತಂದೆಗೆ, ಕೊನೆಗೆ ಅವಳಿಗೆ ಜ್ವರ ಬಂತು. ಮೂರು ವಾರಗಳ ನಂತರ ಶಾಲೆಗೆ ಬಂದಾಗ ಅವಳಿಗೆ ಜ್ವರವಿರಲಿಲ್ಲ. ಆದರೆ ಪೆನ್ನು ಹಿಡಿಯಲು ಆಗುತ್ತಿರಲಿಲ್ಲ. ಬಲಗೈ ಮಣಿಕಟ್ಟು ಊದಿತ್ತು. ಬೆಳಿಗ್ಗೆ ಎದ್ದಾಗ ಬೆರಳು ಮಡಚಲು ಆಗುವುದಿಲ್ಲ ಎಂದಳು. ನಾಲ್ಕು ಸಾಲು ಬರೆದು ಕೈ ಒದರಿಕೊಳ್ಳುತ್ತಿದ್ದಳು.

ನಿಮ್ಮ ಬಲಗೈಯನ್ನು ಒಮ್ಮೆ ನೋಡಿಕೊಳ್ಳಿ. ಒಂದು ಕೈಯಲ್ಲಿ 27 ಮೂಳೆಗಳಿವೆ. ಮಣಿಕಟ್ಟಿನಲ್ಲಿ 8, ಅಂಗೈಯಲ್ಲಿ 5, ಬೆರಳುಗಳಲ್ಲಿ 14. ಮೂಳೆ ಮೂಳೆ ಸೇರುವ ಕಡೆಯಲ್ಲೆಲ್ಲ ಕೀಲು ಇರುತ್ತದೆ. ಈಗ ಎಡಗೈಯಿಂದ ನಿಮ್ಮ ಬಲ ಮುಂಗೈಯನ್ನು ಮೊಣಕೈ ಹತ್ತಿರ ಹಿಡಿದುಕೊಂಡು ಬಲಗೈ ಬೆರಳುಗಳನ್ನು ಆಡಿಸಿ. ಒಳಗೆ ಏನೋ ಅಲುಗಾಡಿತಲ್ಲವೇ? ಬೆರಳನ್ನು ಮಡಚುವ ದೊಡ್ಡ ಸ್ನಾಯುಗಳು ಇರುವುದು ಅಲ್ಲಿ. ಅವು ಹಗ್ಗದಂಥ ಸ್ನಾಯುರಜ್ಜುಗಳ ಮೂಲಕ ಬೆರಳುಗಳನ್ನು ಎಳೆಯುತ್ತವೆ. ಒಂದು ಅಕ್ಷರ ಬರೆಯಲು ಇಷ್ಟೆಲ್ಲ ಕೀಲುಗಳೂ ಹಗ್ಗಗಳೂ ಒಟ್ಟಿಗೆ ದುಡಿಯಬೇಕು. ಚಿಕುನ್‌ಗುನ್ಯ ಹೆಚ್ಚಾಗಿ ಕಾಡುವುದು ಇಂಥ ಸಣ್ಣ ಕೀಲುಗಳನ್ನೇ.

ಜ್ವರ ಹೋದ ಮೇಲೂ ನೋವು ಏಕೆ? ಒಂದು ಮನೆಗೆ ಬೆಂಕಿ ಬಿತ್ತೆಂದು ತಿಳಿಯಿರಿ. ಊರವರು ಬಂದು ನೀರು ಎರಚಿ ಆರಿಸುತ್ತಾರೆ. ಬೆಂಕಿ ಆರಿದ ಮೇಲೂ ಮನೆಯೊಳಗೆ ನೀರು, ಬೂದಿ, ಮಸಿ ಉಳಿದಿರುತ್ತವೆ. ಅದನ್ನೆಲ್ಲ ಬಳಿದು ಒಣಗಿಸಲು ದಿನಗಳು ಬೇಕು. ನಮ್ಮ ದೇಹವೂ ಹಾಗೆಯೇ. ವೈರಸ್ ಒಳಗೆ ಬಂದಾಗ ರೋಗನಿರೋಧಕ ವ್ಯವಸ್ಥೆ ಅದರ ಮೇಲೆ ಬೀಳುತ್ತದೆ. ಸುಮಾರು ಒಂದು ವಾರದಲ್ಲಿ ರಕ್ತದಲ್ಲಿದ್ದ ವೈರಸ್ ಇಲ್ಲವಾಗುತ್ತದೆ. ಆದರೆ ಹೋರಾಟ ನಡೆದ ಕೀಲುಗಳಲ್ಲಿ ಊತ, ಬಿಸಿ, ನೋವು ಉಳಿಯುತ್ತವೆ. ಇದನ್ನು ಉರಿಯೂತ ಎನ್ನುತ್ತಾರೆ. ಕೆಲವರಿಗೆ ಇದು ವಾರಗಳಲ್ಲಿ ಇಳಿಯುತ್ತದೆ, ಕೆಲವರಿಗೆ ತಿಂಗಳುಗಳು ಬೇಕು. ಕೆಲವರಿಗೆ ಅದಕ್ಕೂ ಹೆಚ್ಚು.

ಅವಳಿಗೆ ಇದ್ದದ್ದು ಎಂಟು ತಿಂಗಳು. ಮಾರ್ಚ್ ಕೊನೆಗೆ ಎಸ್ಸೆಸ್ಸೆಲ್ಸಿ ಪರೀಕ್ಷೆ.

"ಈ ವರ್ಷ ಬಿಡಲಿ ಸಾರ್"

ಒಂದು ಸಂಜೆ ಅವಳ ತಂದೆ ಶಾಲೆಗೆ ಬಂದರು. ಅವರೂ ಕುಂಟುತ್ತಲೇ ಇದ್ದರು. "ಕೈಯೇ ಆಡ್ತಿಲ್ಲ, ಈ ವರ್ಷ ಬಿಡಲಿ ಸಾರ್. ಮುಂದಿನ ವರ್ಷ ಕಟ್ಟಲಿ" ಎಂದರು. ಅವರು ಕೆಟ್ಟ ಮನಸ್ಸಿನಿಂದ ಹೇಳಿದ ಮಾತಲ್ಲ ಅದು. ಮಗಳ ನೋವು ನೋಡಲಾಗದೆ ಹೇಳಿದ್ದು. ಆದರೆ ಅವಳ ಅಕ್ಕ ಏಳನೆಯ ತರಗತಿಯಲ್ಲಿ ಹೀಗೆಯೇ "ಒಂದು ವರ್ಷ" ಎಂದು ಬಿಟ್ಟವಳು ಮತ್ತೆ ಶಾಲೆಯ ಮುಖ ನೋಡಿರಲಿಲ್ಲ. ಶಾಲೆ ಬಿಟ್ಟ ಹೆಣ್ಣುಮಕ್ಕಳಿಗೆ ಆ ಮುಂದಿನ ವರ್ಷ ಬಾರದೇ ಹೋಗುವುದನ್ನು ನಾವು ಶಿಕ್ಷಕರು ಕಂಡಿದ್ದೆವು. ಅವಳಿಗೂ ಅದು ಗೊತ್ತಿತ್ತು.

ತಂದೆ ಹೋದ ಮೇಲೆ ಅವಳು ನನ್ನ ಹತ್ತಿರ ಬಂದು ಒಂದು ಪ್ರಶ್ನೆ ಕೇಳಿದಳು.

"ಸಾರ್, ಪರೀಕ್ಷೆ ಮೂರು ಗಂಟೆ ಹೊತ್ತು ಇರುತ್ತೆ. ನನ್ನ ಕೈ ಎಷ್ಟು ಹೊತ್ತು ಬರೆಯುತ್ತೆ ಅಂತ ಅಳೆಯಬಹುದಾ?"

ನೋಡಿ ಮಕ್ಕಳೇ, ವಿಜ್ಞಾನ ಶುರುವಾಗುವುದು ಇಂಥ ಪ್ರಶ್ನೆಯಿಂದಲೇ. "ನನ್ನ ಕೈಯಲ್ಲಿ ಆಗುತ್ತದೆಯೋ ಇಲ್ಲವೋ" ಎಂದು ಕೇಳಿದರೆ ಅಳುವುದೊಂದೇ ಉಳಿಯುತ್ತದೆ. "ಎಷ್ಟು ಆಗುತ್ತದೆ?" ಎಂದು ಕೇಳಿದರೆ ಅಳೆಯಬಹುದು.

ಅಳತೆಯ ನಿಯಮಗಳು

ನಾವು ಮೊದಲು ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರನ್ನು ಕೇಳಿದೆವು. "ಬೆರಳುಗಳನ್ನು ಆಡಿಸುತ್ತಿರಲಿ, ಸುಮ್ಮನೆ ಇಟ್ಟರೆ ಇನ್ನೂ ಬಿಗಿಯುತ್ತವೆ. ಆದರೆ ನೋವು ಶುರುವಾದ ಕೂಡಲೇ ನಿಲ್ಲಿಸಲಿ, ಬಲವಂತ ಬೇಡ" ಎಂದರು. ಅವರ ಮಾತನ್ನೇ ನಿಯಮ ಮಾಡಿಕೊಂಡೆವು.

ಪ್ರತಿದಿನ ಸಂಜೆ ಒಂದೇ ಹೊತ್ತಿಗೆ ಬರೆಯಬೇಕು. ಒಂದೇ ಪೆನ್ನು ಬಳಸಬೇಕು. ಒಂದೇ ಪಾಠದಿಂದ ನಕಲು ಮಾಡಬೇಕು. ನೋವು ಶುರುವಾದ ಕೂಡಲೇ ಪೆನ್ನು ಕೆಳಗಿಟ್ಟು ಗಡಿಯಾರ ನೋಡಬೇಕು. ಹೀಗೇಕೆ? ಒಂದು ದಿನ ಬೆಳಿಗ್ಗೆ, ಒಂದು ದಿನ ರಾತ್ರಿ, ಒಂದು ದಿನ ಹೊಸ ಪೆನ್ನು, ಒಂದು ದಿನ ಹಳೆ ಪೆನ್ನು ಎಂದಾದರೆ ವ್ಯತ್ಯಾಸ ಕೈಯಿಂದ ಬಂತೋ ಪೆನ್ನಿನಿಂದ ಬಂತೋ ತಿಳಿಯುವುದಿಲ್ಲ. ಒಂದನ್ನು ಅಳೆಯುವಾಗ ಉಳಿದವನ್ನು ಬದಲಾಗದಂತೆ ಇಟ್ಟುಕೊಳ್ಳಬೇಕು.

ಮೊದಲ ವಾರ ಅವಳು ಬರೆದ ನಿಮಿಷಗಳು ಇವು: 6, 9, 5, 8, 4, 10, 7.

ಎರಡನೆಯ ವಾರ: 8, 11, 5, 9, 12, 7, 11.

ಎರಡನೆಯ ವಾರದ ಮೂರನೆಯ ದಿನ ನೋಡಿ. ಹಿಂದಿನ ದಿನ 11 ನಿಮಿಷ ಬರೆದಿದ್ದವಳು ಅಂದು 5 ನಿಮಿಷಕ್ಕೆ ನಿಲ್ಲಿಸಿದಳು. ಪೆನ್ನು ಕೆಳಗಿಟ್ಟು ಅತ್ತೇಬಿಟ್ಟಳು. "ಹೋದ ವಾರವೂ ಮೂರನೇ ದಿನ ಐದೇ ಇತ್ತು ಸಾರ್. ಏನೂ ವಾಸಿಯಾಗಿಲ್ಲ."

ಅವಳು ಹೇಳಿದ್ದು ಸರಿಯೇ? ಎರಡು ದಿನಗಳನ್ನಷ್ಟೇ ನೋಡಿದರೆ ಸರಿ. ಈಗ ನೀವೇ ಲೆಕ್ಕ ಮಾಡಿ. ಮೊದಲ ವಾರದ ಏಳು ಸಂಖ್ಯೆಗಳನ್ನು ಕೂಡಿ. ಮೊತ್ತ 49. ಏಳರಿಂದ ಭಾಗಿಸಿ. ಸರಾಸರಿ 7 ನಿಮಿಷ. ಎರಡನೆಯ ವಾರದ ಮೊತ್ತ 63. ಸರಾಸರಿ 9 ನಿಮಿಷ. ವಾರ ಮುಗಿದ ಮೇಲೆ ಈ ಲೆಕ್ಕ ಮಾಡಿ ಅವಳ ಮುಂದಿಟ್ಟಾಗ ಅವಳು ಹಾಳೆಯನ್ನು ಬಹಳ ಹೊತ್ತು ನೋಡುತ್ತಾ ನಿಂತಳು.

ಪಾವಗಡದಲ್ಲಿ ಒಂದು ದಿನ ಜೋರು ಮಳೆ ಬಂದರೆ ಬರ ಹೋಯಿತು ಎನ್ನುತ್ತೇವೆಯೇ? ಇಲ್ಲ. ಮಳೆಗಾಲದಲ್ಲಿ ಎರಡು ದಿನ ಬಿಸಿಲು ಬಂದರೆ ಮಳೆಗಾಲ ಮುಗಿಯಿತು ಎನ್ನುತ್ತೇವೆಯೇ? ಅದೂ ಇಲ್ಲ. ದಿನದ ಸಂಖ್ಯೆ ಮೇಲೆ ಕೆಳಗೆ ಕುಣಿಯುತ್ತದೆ. ರಾತ್ರಿ ನಿದ್ದೆ ಆಗಿರದಿರಬಹುದು, ನೀರು ಹೊತ್ತಿರಬಹುದು, ಚಳಿ ಇದ್ದಿರಬಹುದು. ಹಲವು ದಿನಗಳನ್ನು ಒಟ್ಟಿಗೆ ನೋಡಿದಾಗ ಮಾತ್ರ ದಾರಿ ಯಾವ ಕಡೆಗೆ ಸಾಗಿದೆ ಎಂದು ತಿಳಿಯುತ್ತದೆ. ಚೇತರಿಕೆಯೂ ಹೀಗೆಯೇ. ಅದು ನೆಟ್ಟಗೆ ಇಟ್ಟ ಏಣಿಯಲ್ಲ. ಮೂರು ಹೆಜ್ಜೆ ಮುಂದೆ, ಎರಡು ಹೆಜ್ಜೆ ಹಿಂದೆ.

ಅಂದಿನಿಂದ ಅವಳು ದಿನದ ಸಂಖ್ಯೆಗೆ ಅಳಲಿಲ್ಲ. ಶನಿವಾರದ ಸರಾಸರಿಗೆ ಕಾಯುತ್ತಿದ್ದಳು. ಗ್ರಾಫ್ ಹಾಳೆಯ ಮೇಲೆ ವಾರಕ್ಕೊಂದು ಚುಕ್ಕೆ. ಕೆಲವು ವಾರ ಚುಕ್ಕೆ ಇದ್ದಲ್ಲೇ ಇತ್ತು. ಒಂದು ವಾರ ಕೆಳಗೂ ಇಳಿಯಿತು. ಆದರೆ ಡಿಸೆಂಬರ್ ಹೊತ್ತಿಗೆ ಅವಳ ಕೈ 40 ನಿಮಿಷ ಬರೆಯುತ್ತಿತ್ತು.

ಮರೆತದ್ದು ಪೂರ್ತಿ ಹೋಗಿರುವುದಿಲ್ಲ

ಕೈ ಒಂದು ತೊಂದರೆ. ಇನ್ನೊಂದು ತೊಂದರೆ ತಲೆಯದು. "ಜೂನ್‌ನಲ್ಲಿ ಕಲಿತದ್ದೆಲ್ಲ ಮರೆತುಹೋಗಿದೆ ಸಾರ್" ಎಂದು ಅವಳು ಹೇಳುತ್ತಿದ್ದಳು. ಕಾಯಿಲೆ ಬಿದ್ದು ಎದ್ದವರು ಹೆಚ್ಚಾಗಿ ಹೇಳುವ ಮಾತು ಇದು.

ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್ ಎಂಬ ವಿಜ್ಞಾನಿ ಮರೆವಿನ ಮೇಲೆಯೇ ಪ್ರಯೋಗ ಮಾಡಿದರು. ಪ್ರಯೋಗಕ್ಕೆ ಒಳಗಾದದ್ದು ಅವರೇ! ಅರ್ಥವಿಲ್ಲದ ಅಕ್ಷರಗಳ ಪಟ್ಟಿಗಳನ್ನು ಬಾಯಿಪಾಠ ಮಾಡುವುದು, ಸ್ವಲ್ಪ ಸಮಯ ಬಿಟ್ಟು ಎಷ್ಟು ನೆನಪಿದೆ ಎಂದು ನೋಡುವುದು, ಹೀಗೆ ನೂರಾರು ಸಲ ಮಾಡಿ 1885ರಲ್ಲಿ ಪುಸ್ತಕ ಬರೆದರು. ಅವರು ಕಂಡದ್ದು ಎರಡು ಸಂಗತಿ. ಕಲಿತದ್ದರಲ್ಲಿ ಬಹುಪಾಲನ್ನು ನಾವು ಮೊದಲ ಕೆಲವು ಗಂಟೆಗಳಲ್ಲೇ ಮರೆಯುತ್ತೇವೆ. ಆಮೇಲೆ ಮರೆಯುವ ವೇಗ ಕಡಿಮೆಯಾಗುತ್ತದೆ. ಇದು ಮೊದಲನೆಯದು.

ಎರಡನೆಯದು ನಮಗೆ ಹೆಚ್ಚು ಮುಖ್ಯ. ಮರೆತ ಪಟ್ಟಿಯನ್ನು ಮತ್ತೆ ಕಲಿಯಲು ಮೊದಲಿನಷ್ಟು ಸಮಯ ಬೇಕಾಗಲಿಲ್ಲ. ಒಂದು ಅಕ್ಷರವೂ ನೆನಪಿಗೆ ಬಾರದಿದ್ದಾಗ ಕೂಡ ಮತ್ತೆ ಕಲಿಯುವಾಗ ಸಮಯ ಉಳಿಯಬಹುದು. ಅಂದರೆ ಹಿಂದಿನ ಕಲಿಕೆಯ ಗುರುತು ಮಿದುಳಿನಲ್ಲಿ ಎಲ್ಲೋ ಉಳಿದಿರುತ್ತದೆ. ಕಾಲುದಾರಿಯಲ್ಲಿ ಹುಲ್ಲು ಬೆಳೆದರೆ ದಾರಿ ಕಾಣುವುದಿಲ್ಲ. ಆದರೆ ನಾಲ್ಕು ಸಲ ನಡೆದರೆ ಬೇಗ ಸವೆಯುತ್ತದೆ, ಹೊಸ ದಾರಿ ಮಾಡಿದಷ್ಟು ಕಷ್ಟವಿಲ್ಲ.

ಅವಳೂ ಇದನ್ನು ಪರೀಕ್ಷಿಸಿ ನೋಡಿದಳು. ಜೂನ್ ತಿಂಗಳಲ್ಲಿ ನಡೆದ ಒಂದು ಪಾಠವನ್ನು ಮತ್ತೆ ಓದಿದಳು. ಮೂರು ದಿನ ಬೇಕಾಗುತ್ತದೆ ಎಂದುಕೊಂಡಿದ್ದು ಒಂದೇ ಸಂಜೆಯಲ್ಲಿ ಮುಗಿಯಿತು. ಆಮೇಲೆ ಅವಳು "ಮರೆತುಹೋಗಿದೆ" ಎನ್ನುವುದನ್ನು ಬಿಟ್ಟು "ಹುಲ್ಲು ಬೆಳೆದಿದೆ ಸಾರ್" ಎನ್ನುತ್ತಿದ್ದಳು.

ಕೈ ಬರೆಯದಿದ್ದರೆ ಬಾಯಿ ಹೇಳಲಿ

ಕೈ ಹತ್ತೇ ನಿಮಿಷ ಬರೆಯುವಾಗ ಉಳಿದ ಹೊತ್ತು ಏನು ಮಾಡುವುದು? ಇದಕ್ಕೆ ದಾರಿ ಅವಳ ಮನೆಯಲ್ಲೇ ಸಿಕ್ಕಿತು.

ಅಕ್ಟೋಬರ್, ನವೆಂಬರ್ ಎಂದರೆ ನಮ್ಮ ಕಡೆ ಕಡಲೆಕಾಯಿ ಕೀಳುವ ಕಾಲ. ಸಂಜೆ ಮನೆಯವರೆಲ್ಲ ಸುತ್ತ ಕುಳಿತು ಗಿಡದಿಂದ ಕಾಯಿ ಬಿಡಿಸುತ್ತಾರೆ. ಅವಳ ಬೆರಳಿಗೆ ಆ ಕೆಲಸ ಆಗುತ್ತಿರಲಿಲ್ಲ. ಎಲ್ಲರೂ ದುಡಿಯುವಾಗ ತಾನೊಬ್ಬಳು ಸುಮ್ಮನೆ ಕೂರುವುದು ಅವಳಿಗೆ ಸಂಕಟ. ಅವಳ ಅಜ್ಜಿ ಹೇಳಿದರಂತೆ: "ಕೈಯಲ್ಲಿ ಆಗದಿದ್ದರೆ ಬಾಯಲ್ಲಿ ಏನಾದರೂ ಹೇಳು, ನಮಗೂ ಬೇಸರ ಕಳೆಯುತ್ತೆ."

ಅವಳು ಪಾಠ ಹೇಳಲು ಶುರು ಮಾಡಿದಳು. ಪಾವಗಡದ ಎಷ್ಟೋ ಮನೆಗಳಲ್ಲಿ ಮಾತು ತೆಲುಗು, ಶಾಲೆಯಲ್ಲಿ ಓದು ಕನ್ನಡ. ಅಜ್ಜಿಗೆ ಅರ್ಥವಾಗಬೇಕಾದರೆ ಕನ್ನಡದಲ್ಲಿ ಓದಿದ್ದನ್ನು ತೆಲುಗಿನಲ್ಲಿ ಹೇಳಬೇಕು. ಬಾಯಿಪಾಠ ಮಾಡಿದ ವಾಕ್ಯ ಅಲ್ಲಿ ಉಪಯೋಗಕ್ಕೆ ಬರುವುದಿಲ್ಲ, ತನಗೆ ಅರ್ಥವಾಗಿದ್ದರೆ ಮಾತ್ರ ಹೇಳಲು ಸಾಧ್ಯ. ಮೇಲಾಗಿ ಅಜ್ಜಿ ಸುಮ್ಮನೆ ಕೇಳುವವರಲ್ಲ. "ರಕ್ತ ಮೈಯೆಲ್ಲ ಸುತ್ತುತ್ತೆ ಅಂತೀಯ, ಹಾಗಾದರೆ ಕಾಲಿಗೆ ಇಳಿದದ್ದು ಮತ್ತೆ ಮೇಲಕ್ಕೆ ಹೇಗೆ ಹತ್ತುತ್ತೆ?" ಎಂದು ಕೇಳಿಬಿಟ್ಟರಂತೆ. ಉತ್ತರ ಗೊತ್ತಾಗದೆ ಮರುದಿನ ನನ್ನ ಬಳಿ ಬಂದಳು. ಕಾಲಿನ ಅಭಿಧಮನಿಗಳಲ್ಲಿ ರಕ್ತ ಹಿಂದಕ್ಕೆ ಬೀಳದಂತೆ ತಡೆಯುವ ಕವಾಟಗಳಿವೆ, ನಡೆಯುವಾಗ ಕಾಲಿನ ಸ್ನಾಯುಗಳು ಒತ್ತಿ ರಕ್ತವನ್ನು ಮೇಲಕ್ಕೆ ತಳ್ಳುತ್ತವೆ ಎಂದು ಅಂದು ಕಲಿತದ್ದನ್ನು ಅವಳು ಮರೆತಿರಲಾರಳು.

ಅದೇ 2006ರಲ್ಲಿ ಅಮೆರಿಕದ ಇಬ್ಬರು ಮನಶ್ಶಾಸ್ತ್ರ ವಿಜ್ಞಾನಿಗಳು, ರೋಡಿಗರ್ ಮತ್ತು ಕಾರ್ಪಿಕೆ, ಒಂದು ಪ್ರಯೋಗವನ್ನು ಪ್ರಕಟಿಸಿದರು. ಕೆಲವು ವಿದ್ಯಾರ್ಥಿಗಳು ಒಂದು ಪಾಠವನ್ನು ಮತ್ತೆ ಮತ್ತೆ ಓದಿದರು. ಇನ್ನು ಕೆಲವರು ಓದಿದ ನಂತರ ಪುಸ್ತಕ ನೋಡದೆ ನೆನಪಿನಿಂದ ಬರೆದರು. ಐದು ನಿಮಿಷದ ನಂತರ ಕೇಳಿದಾಗ ಮತ್ತೆ ಮತ್ತೆ ಓದಿದವರೇ ಮುಂದಿದ್ದರು. ಆದರೆ ಒಂದು ವಾರದ ನಂತರ ಕೇಳಿದಾಗ ನೆನಪಿನಿಂದ ಬರೆದವರು ಹೆಚ್ಚು ಹೇಳಿದರು. ಪುಸ್ತಕ ಮುಚ್ಚಿ ನೆನಪಿಸಿಕೊಳ್ಳುವುದೇ ಒಂದು ಕಲಿಕೆ ಎಂಬುದು ಇದರಿಂದ ತಿಳಿಯುತ್ತದೆ. ಕಡಲೆಕಾಯಿ ರಾಶಿಯ ಮುಂದೆ ಕುಳಿತು ನಮ್ಮ ಹುಡುಗಿ ಮಾಡುತ್ತಿದ್ದದ್ದೂ ಇದನ್ನೇ!

ಮೂರು ಗಂಟೆಯ ಲೆಕ್ಕ

ಫೆಬ್ರವರಿಯಲ್ಲಿ ಪೂರ್ವಸಿದ್ಧತಾ ಪರೀಕ್ಷೆ ನಡೆಯಿತು. ಮೊದಲ ಒಂದೂವರೆ ಗಂಟೆ ಅವಳು ಚೆನ್ನಾಗಿ ಬರೆದಳು. ನಂತರ ಕೈ ಸೋತಿತು. ಕೊನೆಯ ಪ್ರಶ್ನೆಗಳು ಹಾಗೆಯೇ ಉಳಿದವು. ಉತ್ತರ ಗೊತ್ತಿತ್ತು, ಬರೆಯಲು ಆಗಲಿಲ್ಲ. ಇದು ಬೇಸರದ ವಿಷಯವೇ. ಆದರೆ ಇದೂ ಒಂದು ಅಳತೆ. ಎಲ್ಲಿ ನಿಂತಿತು ಎಂದು ಗೊತ್ತಾದರೆ ಅಲ್ಲಿಂದ ಮುಂದಕ್ಕೆ ಯೋಚಿಸಬಹುದು.

ಅವಳು ಮಾಡಿಕೊಂಡ ಬದಲಾವಣೆಗಳು ಇವು. ಪೆನ್ನಿಗೆ ಬಟ್ಟೆ ಸುತ್ತಿ ದಪ್ಪ ಮಾಡಿಕೊಂಡಳು. ತೆಳು ಪೆನ್ನನ್ನು ಬೆರಳು ಬಿಗಿಯಾಗಿ ಅಮುಕಬೇಕು, ದಪ್ಪ ಹಿಡಿಗೆ ಅಷ್ಟು ಬಿಗಿ ಬೇಡ. ಹೆಚ್ಚು ಅಂಕದ ಪ್ರಶ್ನೆಗಳನ್ನು ಕೈ ಹೊಸದಾಗಿರುವಾಗಲೇ ಮುಗಿಸುವುದು. 20 ನಿಮಿಷಕ್ಕೊಮ್ಮೆ, ನೋವು ಬರುವ ಮೊದಲೇ, ಪೆನ್ನು ಕೆಳಗಿಟ್ಟು ಒಂದು ನಿಮಿಷ ಬೆರಳು ಆಡಿಸುವುದು. ಆ ಒಂದು ನಿಮಿಷದಲ್ಲಿ ಮುಂದಿನ ಪ್ರಶ್ನೆ ಓದುವುದು. ಹತ್ತು ಸಾಲಿನಲ್ಲಿ ಹೇಳುವುದನ್ನು ಚಿತ್ರ ಬರೆದು ಭಾಗಗಳನ್ನು ಗುರುತಿಸಿ ಹೇಳುವುದು. ಪರೀಕ್ಷೆಯ ದಿನ ಬೇಗ ಎದ್ದು ಉಗುರುಬೆಚ್ಚಗಿನ ನೀರಿನಲ್ಲಿ ಕೈ ಇಟ್ಟು ಬಿಗಿತ ಕಳೆದುಕೊಂಡು ಹೊರಡುವುದು. ರಾತ್ರಿ ನಿದ್ದೆಗೆಟ್ಟು ಓದದಿರುವುದು. ಹಗಲು ಕಲಿತದ್ದು ಮಿದುಳಿನಲ್ಲಿ ಗಟ್ಟಿಯಾಗಲು ನಿದ್ದೆ ನೆರವಾಗುತ್ತದೆ. ಸೋತ ದೇಹಕ್ಕಂತೂ ನಿದ್ದೆ ಬೇಕೇ ಬೇಕು.

2007ರ ಎಸ್ಸೆಸ್ಸೆಲ್ಸಿ ಪರೀಕ್ಷೆಯನ್ನು ಅವಳು ಹೀಗೆ ಬರೆದಳು. ಶಾಲೆಗೆ ಮೊದಲಿಗಳಾಗಲಿಲ್ಲ. ಎಲ್ಲ ವಿಷಯಗಳಲ್ಲೂ ಪಾಸಾದಳು, ದ್ವಿತೀಯ ದರ್ಜೆ ಬಂತು. ಗಣಿತದಲ್ಲಿ ಅಂಕ ಕಡಿಮೆಯೇ. ಅವಳ ತಂದೆ ಮುಂದಿನ ವರ್ಷದ ಮಾತನ್ನು ಮತ್ತೆ ಎತ್ತಲಿಲ್ಲ. ಜೂನ್‌ನಲ್ಲಿ ಅವಳು ಪಿಯುಸಿಗೆ ಸೇರಿದಳು.

ಬಾಗಿಲು ಒಂದೇ ಅಲ್ಲ

ಇಲ್ಲಿ ಒಂದು ಮಾತು ಹೇಳಲೇಬೇಕು. ಕಾಯಿಲೆಯಲ್ಲಿ ಹಲ್ಲು ಕಚ್ಚಿಕೊಂಡು ಪರೀಕ್ಷೆ ಬರೆಯಿರಿ ಎಂದು ನಾನು ಹೇಳುತ್ತಿಲ್ಲ. ಜ್ವರ ಇದ್ದಾಗ ಮಲಗಬೇಕು. ವೈದ್ಯರು ಬೇಡ ಎಂದರೆ ಬೇಡ. ಒಂದು ಪರೀಕ್ಷೆ ತಪ್ಪಿದರೆ ಓದು ಮುಗಿಯುವುದಿಲ್ಲ.

ಆಗಲೂ ಪೂರಕ ಪರೀಕ್ಷೆ ಇತ್ತು. 2024ರಲ್ಲಿ ನಮ್ಮ ರಾಜ್ಯದಲ್ಲಿ ಒಂದೇ ವರ್ಷದಲ್ಲಿ ಮೂರು ಎಸ್ಸೆಸ್ಸೆಲ್ಸಿ ಪರೀಕ್ಷೆಗಳು ನಡೆದವು. ಬರೆಯಲು ಕೈ ಆಡದವರ ಪರವಾಗಿ ಅವರು ಹೇಳಿದ್ದನ್ನು ಇನ್ನೊಬ್ಬರು ಬರೆದುಕೊಡುವ ಸೌಲಭ್ಯವೂ ಇದೆ. ಅದಕ್ಕೆ ವೈದ್ಯರ ಪ್ರಮಾಣಪತ್ರದೊಂದಿಗೆ ಮುಖ್ಯ ಶಿಕ್ಷಕರ ಮೂಲಕ ಮೊದಲೇ ಅರ್ಜಿ ಹಾಕಬೇಕು. ಕೋವಿಡ್ ಕಾಲದಲ್ಲಿ ಪರೀಕ್ಷೆಯ ರೂಪವೇ ಬದಲಾಯಿತು. 2021ರ ಜುಲೈ 19 ಮತ್ತು 22ರಂದು, ಎರಡೇ ದಿನಗಳಲ್ಲಿ, ಸರಿ ಉತ್ತರವನ್ನು ಗುರುತಿಸುವ ಮಾದರಿಯಲ್ಲಿ ಎಸ್ಸೆಸ್ಸೆಲ್ಸಿ ನಡೆಯಿತು. ಸೋಂಕು ತಗುಲಿದ್ದ ಮಕ್ಕಳಿಗೆ ಕೋವಿಡ್ ಆರೈಕೆ ಕೇಂದ್ರಗಳಲ್ಲೇ ಬರೆಯಲು ವ್ಯವಸ್ಥೆ ಇತ್ತು. ಪರೀಕ್ಷೆ ಇರುವುದು ಮಕ್ಕಳಿಗಾಗಿ. ನಿಮ್ಮ ತೊಂದರೆಯನ್ನು ಮುಚ್ಚಿಡದೆ ಶಿಕ್ಷಕರಿಗೆ ಹೇಳಿದರೆ ದಾರಿ ಹುಡುಕಬಹುದು. ಬಿಡಬಾರದ್ದು ಒಂದೇ, ಅದು ಶಾಲೆ.

ನೀವೇ ಮಾಡಿ ನೋಡಿ

ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡ, ಈ ನಾಲ್ಕೂ ತಾಲ್ಲೂಕುಗಳ ಶಾಲೆಗಳಿಗೆ ನಾನೀಗ ವಿಜ್ಞಾನದ ಪೆಟ್ಟಿಗೆ ಹಿಡಿದು ಹೋಗುತ್ತಿರುತ್ತೇನೆ. ಹೋದ ಕಡೆಯಲ್ಲೆಲ್ಲ ಹಾಜರಿ ಪುಸ್ತಕ ನೋಡುವುದು ನನ್ನ ಅಭ್ಯಾಸ. ವಾರಗಟ್ಟಲೆ ಗೈರು ಇದ್ದು ಈಗ ಬಂದಿರುವವರು ಯಾರು ಎಂದು ಕೇಳುತ್ತೇನೆ. ಹಿಂದಿನ ಸಾಲಿನಲ್ಲಿ ಯಾರೋ ಒಬ್ಬರು ನಿಧಾನವಾಗಿ ಕೈ ಎತ್ತುತ್ತಾರೆ. ಡೆಂಗಿ, ಟೈಫಾಯಿಡ್, ಕಾಮಾಲೆ, ಹೀಗೆ ಏನಾದರೊಂದು. ಅವರಿಗೂ ನಿಮಗೂ ಮೂರು ಕೆಲಸ ಕೊಡುತ್ತೇನೆ.

ಒಂದು: ನೀವು ಕಾಯಿಲೆಯಿಂದ ಎದ್ದು ಬಂದಿದ್ದರೆ, ಸುಸ್ತಾಗದೆ ಎಷ್ಟು ನಿಮಿಷ ಓದಲು ಆಗುತ್ತದೆ ಎಂದು ದಿನವೂ ಒಂದೇ ಹೊತ್ತಿಗೆ ಗುರುತು ಹಾಕಿ. ಏಳು ದಿನ ಕೂಡಿ, ಏಳರಿಂದ ಭಾಗಿಸಿ. ಆ ಸಂಖ್ಯೆಯನ್ನು ಹಿಂದಿನ ವಾರದ ಸಂಖ್ಯೆಗೆ ಹೋಲಿಸಿ. ಪಕ್ಕದವರ ಸಂಖ್ಯೆಗೆ ಬೇಡ. ನಾಲ್ಕು ವಾರವಾದರೂ ಅದು ಏರದಿದ್ದರೆ ಹಾಳೆಯನ್ನು ವೈದ್ಯರಿಗೆ ತೋರಿಸಿ, ಅವರಿಗೂ ಅದರಿಂದ ಉಪಯೋಗವಾಗುತ್ತದೆ.

ಎರಡು: ನಿಮ್ಮ ಗೆಳೆಯರಲ್ಲಿ ಯಾರಾದರೂ ಹೀಗೆ ಬಂದಿದ್ದರೆ ನೋಟ್ ಪುಸ್ತಕ ಕೊಟ್ಟು ಸುಮ್ಮನಾಗಬೇಡಿ. ಹತ್ತು ನಿಮಿಷ ಪಕ್ಕದಲ್ಲಿ ಕುಳಿತು ಪಾಠ ಹೇಳಿ. ಆಮೇಲೆ ಪುಸ್ತಕ ಮುಚ್ಚಿ ಅವರಿಂದ ಹೇಳಿಸಿ. ನಿಮಗೂ ಆ ಪಾಠ ಗಟ್ಟಿಯಾಗುತ್ತದೆ.

ಮೂರು: ಈಡಿಸ್ ಸೊಳ್ಳೆಯ ಮೊಟ್ಟೆ ನೀರಿನಲ್ಲಿ ಒಡೆದು, ಮರಿ ಬೆಳೆದು, ಸೊಳ್ಳೆಯಾಗಿ ಹಾರಲು ಸುಮಾರು 7ರಿಂದ 10 ದಿನ ಬೇಕು. ಆದ್ದರಿಂದ ವಾರಕ್ಕೊಮ್ಮೆ ಮನೆಯ ಡ್ರಮ್ಮು, ತೊಟ್ಟಿಗಳನ್ನು ಖಾಲಿ ಮಾಡಿ ಒಣಗಿಸಿ. ಬರೀ ನೀರು ಚೆಲ್ಲಿದರೆ ಸಾಲದು. ಮೊಟ್ಟೆಗಳು ಒಳಗೋಡೆಗೆ ಅಂಟಿಕೊಂಡಿರುತ್ತವೆ, ಒಣಗಿದರೂ ತಿಂಗಳುಗಟ್ಟಲೆ ಬದುಕಿರುತ್ತವೆ. ತೆಂಗಿನ ನಾರಿನಿಂದ ಗೋಡೆಯನ್ನು ಉಜ್ಜಿ ತೊಳೆಯಿರಿ. ನೀರು ತುಂಬಿದ ಮೇಲೆ ಬಟ್ಟೆಯಿಂದ ಬಾಯಿ ಕಟ್ಟಿ. ತೆಗೆದ ನೀರನ್ನು ಚರಂಡಿಗೆ ಸುರಿಯದೆ ಗಿಡದ ಬುಡಕ್ಕೆ ಹಾಕಿ, ನಮ್ಮ ಸೀಮೆಯಲ್ಲಿ ನೀರು ದಂಡ ಮಾಡುವಂತಿಲ್ಲ.

ಇದಕ್ಕೆ ವಾರದಲ್ಲಿ ಒಂದು ದಿನ ಗೊತ್ತು ಮಾಡಿಕೊಳ್ಳಿ. ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ ಆಗಬಹುದು. ಸರಾಸರಿ ಹಾಕುವುದೂ ಅಂದೇ, ತೊಟ್ಟಿ ಉಜ್ಜುವುದೂ ಅಂದೇ.